ಬೀರುವಿನ ಆ ಕಡೆ

ಆ ವರ್ಷ ಜೂನ್‌ನಲ್ಲಿ ಶಾಲೆ ತೆರೆದ ದಿನ ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ನನ್ನ ಕ್ಲಾಸು ಅರ್ಧ ಆಗಿಹೋಗಿತ್ತು. ಹೆಡ್ಮಾಸ್ಟರು ಆಫೀಸಿನಲ್ಲಿದ್ದ ಎರಡು ಕಬ್ಬಿಣದ ಬೀರುಗಳನ್ನು ತರಿಸಿ ಕೋಣೆಯ ನಡುವೆ ಅಡ್ಡಲಾಗಿ ನಿಲ್ಲಿಸಿದ್ದರು. ಕಿಟಕಿಗಳಿದ್ದ ಭಾಗ ತಮಿಳು ಮೀಡಿಯಮ್ಮಿನ ಚಿಕ್ಕ ಮಕ್ಕಳಿಗೆ. ಬಾಗಿಲ ಕಡೆಯದು ನನಗೆ, ನನ್ನ ಹನ್ನೊಂದು ಮಕ್ಕಳಿಗೆ. ಹಿಂದಿನ ಕಟ್ಟಡದ ಸೂರು ಸೋರುತ್ತಿದೆ, ರಿಪೇರಿ ಆಗುವವರೆಗೆ ಹೊಂದಿಕೊಳ್ಳಿ ಎಂದರು ಹೆಡ್ಮಾಸ್ಟರು. ಹನ್ನೊಂದು ಮಕ್ಕಳಿಗೆ ಅಷ್ಟು ದೊಡ್ಡ ಕೋಣೆ ಯಾಕೆ ಎಂದು ಅವರು ಕೇಳಲಿಲ್ಲ. ಕೇಳದೆ ಬಿಟ್ಟರಲ್ಲ ಎಂಬುದೇ ನನಗೆ ಹೆಚ್ಚು ಚುಚ್ಚಿತು.

ಹೊಸೂರಿನಿಂದ ಆ ಶಾಲೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಸಾನಮಾವು ಕಾಡು ಮುಗಿದು ರಾಗಿ ಹೊಲಗಳೂ ಗುಲಾಬಿ ಬೆಳೆಯುವ ಗ್ರೀನ್‌ಹೌಸುಗಳೂ ಶುರುವಾಗುವಲ್ಲಿ ಊರು. ಅರ್ಧ ಮನೆಗಳಲ್ಲಿ ಕನ್ನಡ, ಉಳಿದವುಗಳಲ್ಲಿ ತೆಲುಗು, ತಮಿಳು. ಬೀದಿಗೆ ಬಂದರೆ ಎಲ್ಲರ ಬಾಯಲ್ಲೂ ಮೂರೂ. ಅಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕನ್ನಡ ಮೀಡಿಯಂ ಟೀಚರು. ತಮಿಳುನಾಡಿನ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಹೇಳುವವರಿದ್ದಾರೆ ಎಂದರೆ ಬೆಂಗಳೂರಿನ ನಮ್ಮ ನೆಂಟರು ಇವತ್ತಿಗೂ ಹುಬ್ಬೇರಿಸುತ್ತಾರೆ. ನಮ್ಮ ಮನೆಗೆ ಅದು ಹೊಸದಲ್ಲ. ಅಪ್ಪ ಹೊಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ನಾನು ಒಂದನೇ ಕ್ಲಾಸಿನಿಂದಲೂ ಕನ್ನಡದಲ್ಲೇ ಓದಿದವಳು. ತಮಿಳು ನನಗೆ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಪಕ್ಕದ ಮನೆಯವರಿಂದ ಬಂದ ಭಾಷೆ. ಸರಾಗವಾಗಿ ಮಾತಾಡುತ್ತೇನೆ. ಓದುವುದಕ್ಕೆ ಕೂತರೆ ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಬೇಕಿತ್ತು. ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಸುತ್ತೋಲೆ ಬಂದರೆ ಕನ್ನಡಕ ಮನೆಯಲ್ಲಿ ಬಿಟ್ಟುಬಂದೆ ಎಂದು ಯಾರ ಕೈಲಾದರೂ ಓದಿಸಿಬಿಡುತ್ತಿದ್ದೆ.

ನಾನು ಸೇರಿದ ವರ್ಷ ಕನ್ನಡ ವಿಭಾಗದಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಆಮೇಲೆ ಹೊಸೂರಿನ ಇಂಗ್ಲಿಷ್ ಶಾಲೆಗಳ ವ್ಯಾನುಗಳು ಊರೊಳಗೆ ಬರತೊಡಗಿದವು. ಉಳಿದವರೂ ಮುಂದೆ ಇಲ್ಲೇ ಕೆಲಸ ಸಿಗಬೇಕಲ್ಲ ಎಂದು ತಮಿಳಿಗೆ ಹಾಕಿದರು. ಒಂದೇ ದಿನ ಆದದ್ದಲ್ಲವಾದ್ದರಿಂದ ಅದನ್ನು ನೋಡದ ಹಾಗೆ ಇರುವುದು ಸುಲಭವಾಗಿತ್ತು. ಬೀರು ಬಂದು ನಿಂತ ಮೇಲೆ ಆಗಲಿಲ್ಲ.

ಅದೇ ವಾರ ಅವಳು ಬಂದಳು. ತಮಿಳು ವಿಭಾಗಕ್ಕೆ ಹೊಸದಾಗಿ ಹಾಕಿದ್ದ ಟೀಚರು. ತಿರುನೆಲ್ವೇಲಿ ಕಡೆಯವಳು, ಮೂವತ್ತರ ಹತ್ತಿರದ ಸಣಕಲು ಹೆಂಗಸು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಸೀರೆಯಲ್ಲೇ ನೇರ ಕ್ಲಾಸಿಗೆ ನಿಂತಿದ್ದಳು. ಎದುರಿಗೆ ನಾನು ಅವಳನ್ನು ನೀವು ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ಅವಳು. ಕನ್ನಡದ ಒಂದಕ್ಷರ ಬರದು. ನಮ್ಮ ಕಡೆಯ ಚಳಿ, ರಾಗಿ ಮುದ್ದೆ, ಸಂಜೆ ಹೊತ್ತು ಕಾಡಿನಿಂದ ಇಳಿಯುವ ಆನೆ ಯಾವುದೂ ಗೊತ್ತಿಲ್ಲ. ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಂಡಾಗ ಸಮಾಧಾನ ಆಯಿತು.

ಅವಳ ಕ್ಲಾಸಿನ ಮಕ್ಕಳಲ್ಲಿ ಅರ್ಧಕ್ಕರ್ಧ ಕನ್ನಡದ ಮನೆಯವರೇ. ತಮಿಳಿನಲ್ಲಿ ಕೇಳಿದರೆ ಬಾಯಿ ಬಿಡದೆ ಕೂರುತ್ತಿದ್ದವು. ಅವಳು ಏನು ಮಾಡಿದಳು ಎಂದರೆ, ಮಕ್ಕಳಿಗೆ ತಮಿಳು ಕಲಿಸುವುದಕ್ಕೆ ಮೊದಲು ತಾನೇ ಮಕ್ಕಳ ಹತ್ತಿರ ಕೂತು ಕಲಿತಳು. ಇದಕ್ಕೆ ಏನಂತೀಯ, ಅದಕ್ಕೆ ಏನಂತೀಯ ಎಂದು ಒಂದೊಂದೇ ತೋರಿಸಿ ಕೇಳುವಳು. ಮಕ್ಕಳು ಕಿರುಚಿ ಹೇಳುವರು. ತಪ್ಪಾಗಿ ಅಂದರೆ ನಗುವರು, ಅವಳೂ ನಗುವಳು. ತಿಂಗಳು ಕಳೆಯುವಷ್ಟರಲ್ಲಿ ಬೀರುವಿನ ಆ ಕಡೆಯಿಂದ ಅವಳ ದನಿ ಕೇಳತೊಡಗಿತು.

"ಏನ್ಲಾ, ಉಂಡ್ಕಂಡ್ ಬಂದ್ಯಾ? ನೆನ್ನೆ ಯಾಕ್ಲಾ ಬರ್ನಿಲ್ಲ?"

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ನಾನು ಆ ಊರಿನ ಮಕ್ಕಳ ಬಾಯಿಂದ ಯಾವುದನ್ನು ತಿದ್ದಿ ತಿದ್ದಿ ತೆಗೆಯುತ್ತಿದ್ದೆನೋ ಅದೇ ಮಾತು ಅದು. ಬತ್ತೀನಿ ಅಲ್ಲ, ಬರುತ್ತೇನೆ ಅನ್ನು. ಹೋಗ್ಬುಟ್ಟ ಅಲ್ಲ, ಹೋಗಿಬಿಟ್ಟ. ಮಕ್ಕಳು ನನ್ನ ಮುಂದೆ ಬರುತ್ತೇನೆ ಎಂದು ಹೊರಗೆ ಹೋಗಿ ಬತ್ತೀನಿ ಎನ್ನುತ್ತಿದ್ದರು. ಅವಳು ಆ ಹೊರಗಿನ ಮಾತನ್ನೇ ಒಳಗೆ ತಂದಿದ್ದಳು. ನನ್ನ ಭಾಷೆಯನ್ನು ಹಾಳು ಮಾಡುತ್ತಿದ್ದಾಳೆ ಎಂದು ಹೆಡ್ಮಾಸ್ಟರಿಗೆ ದೂರು ಹೇಳೋಣ ಎನಿಸಿತು. ಏನೆಂದು ಹೇಳುವುದು? ತಮಿಳು ಟೀಚರಿಗೆ ಕನ್ನಡ ಬರುತ್ತಿದೆ ಎಂದೇ?

ಆ ಕಡೆ ನಗು ಎದ್ದಾಗಲೆಲ್ಲ ನನ್ನ ಹನ್ನೊಂದು ಕತ್ತುಗಳು ಬೀರುವಿನ ಕಡೆ ತಿರುಗುತ್ತಿದ್ದವು. ನಾನು ಮೇಜು ಕುಟ್ಟಿ ಪಾಠ ಮುಂದುವರಿಸುತ್ತಿದ್ದೆ. ಒಂದು ದಿನ ನನ್ನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿ, ನಾವೂ ಸ್ವಲ್ಪ ಹೊತ್ತು ಆ ಕಡೆ ಹೋಗಿ ಕೂತುಕೊಳ್ಳಬಹುದಾ ಎಂದು ಕೇಳಿದಳು. ಅವಳ ಮೇಲೆ ಕೂಗಾಡಿದೆ. ನನ್ನ ದನಿ ಆ ಕಡೆಗೂ ಕೇಳಿರಬೇಕು. ನಗು ಗಪ್ಪನೆ ನಿಂತುಹೋಯಿತು.

ಅವಳು ಹೊಸೂರಿನಲ್ಲಿ ಮನೆ ಹುಡುಕಲಿಲ್ಲ. ಊರಲ್ಲೇ, ಶಾಲೆಯಲ್ಲಿ ಅಡುಗೆ ಮಾಡುವ ಆಯಮ್ಮನ ಮನೆಯ ಪಕ್ಕದ ಒಂದು ಕೋಣೆ ಬಾಡಿಗೆಗೆ ಹಿಡಿದಳು. ನಾನು ನಾಲ್ಕೂಕಾಲಿನ ಬಸ್ಸಿಗೆ ಹೊರಟರೆ ಆಮೇಲಿನ ಊರು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆನೆ ಬಂದ ಮರುದಿನ ದಾರಿಯಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ನಾನು ಹತ್ತೂವರೆಗೆ ಬೆವರುತ್ತ ಬಂದರೆ ಅವಳು ಆಗಲೇ ಎರಡೂ ಕಡೆಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ಯಾರ ಹೊಲದಲ್ಲಿ ಎಷ್ಟು ರಾಗಿ ತುಳಿದಿದೆ ಎಂದು ಮನೆಯವಳ ಹಾಗೆ ವಿಚಾರಿಸುತ್ತಿದ್ದಳು. ಒಮ್ಮೆ ಮಧ್ಯಾಹ್ನ ಊಟದ ಹೊತ್ತಿಗೆ ಆಯಮ್ಮ, ಹೊಸ ಮಿಸ್ಸು ಈಗ ಮುದ್ದೆ ನುಂಗುವುದು ಕಲಿತುಬಿಟ್ಟಿದ್ದಾರೆ, ವಾರಕ್ಕೆರಡು ದಿನ ನಮ್ಮ ಮನೆಯಲ್ಲೇ ಉಣ್ಣುತ್ತಾರೆ ಎಂದು ಹೆಮ್ಮೆಯಿಂದ ಹೇಳಿದಳು. ನನಗೆ ಅನ್ನ ಸೇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನೀನು ನನ್ನನ್ನು ಒಂದು ದಿನವೂ ಊಟಕ್ಕೆ ಕರೆದಿಲ್ಲವಲ್ಲ ಎಂದು ಅಂದೇಬಿಟ್ಟೆ.

ಆಯಮ್ಮ ಪಾತ್ರೆ ತಿಕ್ಕುತ್ತಿದ್ದ ಕೈ ನಿಲ್ಲಿಸಲಿಲ್ಲ. "ಕರ್ದಿದ್ದೆ ಮಿಸ್ಸೆ, ಎಷ್ಟೋ ಸಲ. ನಿಮ್ಗೆ ಬಸ್ಸಿನ ಟೈಮ್ ಆಗಿರ್ತಿತ್ತು."

ಮನೆಯಲ್ಲಿ ಗಂಡನ ಹತ್ತಿರ ಆ ತಮಿಳು ಟೀಚರ ಸುದ್ದಿಯನ್ನೇ ಹೇಳುತ್ತಿದ್ದೆ. ಮೋಟಾರ್ ಕಂಪನಿಯಲ್ಲಿ ಲೈನ್ ಬದಲಾದಾಗಲೆಲ್ಲ ಹೊಸ ಮೆಷಿನ್ ಕಲಿತು ಬಂದ ಮನುಷ್ಯ ಅವರು. ನಿನಗೆ ರಿಟೈರ್ ಆಗುವುದಕ್ಕೆ ಇನ್ನು ಕೆಲವೇ ವರ್ಷ, ಅವಳ ಪಾಡಿಗೆ ಅವಳನ್ನು ಬಿಡು ಎನ್ನುತ್ತಿದ್ದರು. ಬಿಡುವುದು ನನ್ನ ಕೈಲಿದ್ದರೆ ಬಿಡುತ್ತಿದ್ದೆ. ರಾಗಿ ಬೀಸಿಸುವಾಗ, ಬಸ್ಸಿನಲ್ಲಿ ಕೂತಾಗ, ಹಲ್ಲುಜ್ಜುವಾಗ ಅವಳ "ಏನ್ಲಾ" ಕಿವಿಯಲ್ಲಿ ಇರುತ್ತಿತ್ತು. ಅವಳ ಜಡೆ, ಅವಳ ಅಗ್ಗದ ಚಪ್ಪಲಿ, ಮಕ್ಕಳು ಅವಳ ಚೀಲ ಹೊರುವುದಕ್ಕೆ ಕಿತ್ತಾಡುವುದು, ಎಲ್ಲವೂ ನನಗೆ ಉರಿಯುತ್ತಿತ್ತು. ಅವಳು ಮಾತ್ರ ನನ್ನನ್ನು ಅಕ್ಕ ಎಂದು ಕರೆಯಲು ಶುರು ಮಾಡಿದ್ದಳು.

ಮಾರ್ಚಿನಲ್ಲಿ ಸ್ಕೂಲ್ ಡೇ. ಪೋಷಕರ ಮುಂದೆ ಕನ್ನಡದಲ್ಲಿ ನಾಲ್ಕು ಮಾತು ಆಡಬೇಕೆಂದು ಅವಳಿಗೆ ಆಸೆ. ಎರಡು ದಿನ ಮುಂಚೆ, ಕನ್ನಡದ ಮಾತುಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡಿದ್ದ ಹಾಳೆ ಹಿಡಿದು ನನ್ನ ಹತ್ತಿರ ಬಂದಳು. ಓದುತ್ತೇನೆ, ತಪ್ಪಿದ್ದರೆ ಹೇಳಿ ಅಕ್ಕ ಎಂದಳು. ಓದಿದಳು. ಚೆನ್ನಾಗಿಯೇ ಇತ್ತು. ಅದೇ ಬೇಸರ. ನಡುವೆ ಒಂದು ಕಡೆ ಹೀಗಿತ್ತು: "ನಾನ್ ಬಂದಾಗ ಈ ಮಕ್ಳು ಭಾಳ ಮೋಸ. ಈಗ ಮೋಸ ಇಲ್ಲ."

ತಮಿಳಿನಲ್ಲಿ ಮೋಸಂ ಎಂದರೆ ಚೆನ್ನಾಗಿಲ್ಲ, ಸುಮಾರು ಎಂದರ್ಥ. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಹಾಗೆ ಅನ್ನುವುದು ರೂಢಿ. ಅವಳು ಆ ಪದ ಕನ್ನಡದಲ್ಲೂ ಅದೇ ಎಂದುಕೊಂಡಿದ್ದಳು. ಕನ್ನಡದಲ್ಲಿ ಅದು ಏನೆಂದು ನನಗೆ ಗೊತ್ತಿರುವಷ್ಟು ಆ ಶಾಲೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ನಾನು ಮೂರು ತಪ್ಪು ತಿದ್ದಿದೆ. ಒಂದು ಕಡೆ ದೀರ್ಘ, ಒಂದು ಕಡೆ "ಅವರಿಗೆ" ಎಂಬುದು, ಕೊನೆಯಲ್ಲಿ "ವಂದನೆಗಳು". ಮುತುವರ್ಜಿಯಿಂದ ಕೇಳಿದ್ದೇನೆ ಎಂದು ಅವಳಿಗೆ ಅನಿಸಲಿ ಎಂದೇ ಆ ಮೂರನ್ನು ತಿದ್ದಿದ್ದು. ಮೋಸವನ್ನು ಹಾಗೇ ಬಿಟ್ಟೆ. ಮರೆತೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಳ್ಳಲು ನೋಡಿದ್ದುಂಟು. ಮರೆತಿರಲಿಲ್ಲ. ಅವಳು ಥ್ಯಾಂಕ್ಸ್ ಅಕ್ಕ ಎಂದು ಹೋದ ಮೇಲೆ ನನ್ನ ಎದೆ ಡವಗುಟ್ಟುತ್ತಿತ್ತು. ಅದು ಭಯವಲ್ಲ, ಖುಷಿ.

ಸ್ಕೂಲ್ ಡೇ ಸಂಜೆ ಶಾಮಿಯಾನದ ಕೆಳಗೆ ಊರಿನವರೆಲ್ಲ ಕೂತಿದ್ದರು. ಅವಳು ಮೈಕ್ ಹಿಡಿದು ಕನ್ನಡದಲ್ಲಿ ಶುರು ಮಾಡಿದಾಗ ಹೆಂಗಸರು ಮುಖ ಅರಳಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಮಾತು ಬಂತು. ಅವಳ ಕ್ಲಾಸಿನ ಒಂದು ಹುಡುಗಿಯ ತಾತ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರು ಮೆಲ್ಲಗೆ ಎದ್ದು ನಿಂತರು.

"ಏನವ್ವಾ, ನಮ್ಮ ಕೂಸು ಯಾರ್ಗೆ ಮೋಸ ಮಾಡ್ತು? ಐಕ್ಳನ್ನ ಹಂಗನ್ಬೋದಾ?"

ಹಿಂದೆ ಕೂತಿದ್ದ ಹುಡುಗರು ಗೊಳ್ಳೆಂದು ನಕ್ಕರು. ತಮಿಳಿನಲ್ಲಿ ಆ ಪದಕ್ಕಿರುವ ಅರ್ಥವನ್ನು ಯಾರೋ ತಾತನಿಗೆ ಹೇಳಿದರು. ಹೆಡ್ಮಾಸ್ಟರು ಎದ್ದು ಸಮಾಧಾನ ಮಾಡಿದರು. ಎಲ್ಲ ಒಂದು ನಿಮಿಷದೊಳಗೆ ಮುಗಿದುಹೋಯಿತು. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಆ ಒಂದು ನಿಮಿಷ ಅವಳಿಗೆ ತಾನೇನು ಅಂದೆ ಎಂದೇ ತಿಳಿದಿರಲಿಲ್ಲ. ಮೈಕ್ ಹಿಡಿದುಕೊಂಡು ನನ್ನ ಕಡೆ ನೋಡಿದಳು. ನಾನು ಬಹುಮಾನದ ತಟ್ಟೆಗಳನ್ನು ಸರಿಮಾಡುವವಳ ಹಾಗೆ ತಲೆ ತಗ್ಗಿಸಿದೆ. ಉಳಿದ ಭಾಷಣವನ್ನು ಅವಳು ತಮಿಳಿನಲ್ಲಿ ಮುಗಿಸಿದಳು.

ಮರುದಿನದಿಂದ ಬೀರುವಿನ ಆ ಕಡೆ ಬರೀ ತಮಿಳು. ಪಾಠ, ಪ್ರಶ್ನೆ, ಹಾಜರಿ. ನಗು ಇಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಶಾಲೆಯಲ್ಲಿ ಕನ್ನಡ ಮತ್ತೆ ನನ್ನೊಬ್ಬಳದೇ ಆಗಿತ್ತು. ಎರಡು ದಿನ ಗಟ್ಟಿ ದನಿಯಲ್ಲಿ ಪದ್ಯ ಹೇಳಿಸಿದೆ. ಮೂರನೇ ದಿನ ಹೇಳಿಸುವಾಗ, ಯಾರು ಕೇಳಿಸಿಕೊಳ್ಳಲಿ ಎಂದು ಹೀಗೆ ಹೇಳಿಸುತ್ತಿದ್ದೇನೆ ಎನಿಸಿ ನನಗೇ ನಾಚಿಕೆಯಾಯಿತು.

ಎರಡು ವಾರ ಕಳೆದಿರಬೇಕು. ಊಟದ ಬೆಲ್ ಹೊಡೆದ ಮೇಲೆ ಆ ತಾತನ ಮೊಮ್ಮಗಳು ಬೀರುವಿನ ಸಂದಿಯಿಂದ ನನ್ನ ಕಡೆ ಬಂದು ನಿಂತಳು. ಒಂದನೇ ಕ್ಲಾಸಿನ ಕೂಸು. ತಾಯಿ ಗ್ರೀನ್‌ಹೌಸಿನಲ್ಲಿ ಗುಲಾಬಿ ಕೊಯ್ಯುವ ಕೆಲಸದವಳು.

"ಮಿಸ್ಸೆ, ಆ ಮಿಸ್ಸು ನಮ್ ಮ್ಯಾಲೆ ಕ್ವಾಪ ಮಾಡ್ಕಂಡವ್ರಾ?"

ಯಾಕೆ ಎಂದು ಕೇಳಿದೆ.

"ಮಾತಾಡ್ಸುದ್ರೆ ತಮಿಳ್ನಾಗೆ ಹೇಳು ಅಂತಾರೆ. ನಂಗ್ ಬರಾಕಿಲ್ಲ. ನಮ್ ತಾತ ಬೈದ್ರಲ್ಲ, ಅದ್ಕಾ?"

ನಾನು ಅಲ್ಲ ಎಂದೆ. ತಾತನ ತಪ್ಪೇನೂ ಇಲ್ಲ ಎಂದೆ. ಮತ್ತೆ ಯಾರ ತಪ್ಪು ಎಂದು ಅವಳು ಕೇಳಲಿಲ್ಲ. ತಟ್ಟೆ ತೆಗೆದುಕೊಂಡು ಊಟದ ಸಾಲಿಗೆ ಹೋದಳು. ನಾನು ಆ ದಿನ ಊಟ ಮಾಡದೆ ಕ್ಲಾಸಿನಲ್ಲೇ ಕೂತಿದ್ದೆ. ಮಧ್ಯಾಹ್ನ ಆಯಮ್ಮ ಬಂದು ಯಾಕೆಂದು ವಿಚಾರಿಸಿದಾಗ, ಕನ್ನಡ ವಿಭಾಗ ಮುಚ್ಚಿಹೋಗುತ್ತದೇನೋ ಎಂಬ ಚಿಂತೆ ಎಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳೂ ಅಲ್ಲ ಅದು. ಅವಳು, ನಿಮ್ಮ ಮಗಳು ಯಾವ ಮೀಡಿಯಂ ಓದಿದ್ದು ಮಿಸ್ಸೆ ಎಂದು ಕೇಳಿದಳು. ವ್ಯಂಗ್ಯವಿಲ್ಲದ, ನಿಜವಾಗಿ ತಿಳಿಯುವುದಕ್ಕೆ ಕೇಳಿದ ಪ್ರಶ್ನೆ. ಇಂಗ್ಲಿಷ್ ಎಂದೆ. ಹೂಂ ಎಂದು ಹೋದಳು.

ಆ ಸಂಜೆ ನಾಲ್ಕೂಕಾಲಿನ ಬಸ್ಸನ್ನು ಹೋಗಲು ಬಿಟ್ಟೆ. ಬೀರುವಿನ ಆ ಕಡೆ ಅವಳು ಮಕ್ಕಳ ನೋಟ್‌ಬುಕ್ಕುಗಳನ್ನು ಜೋಡಿಸುತ್ತಿದ್ದಳು. ನಾವು ಯಾವಾಗಲೂ ತಮಿಳಿನಲ್ಲೇ ಮಾತಾಡಿಕೊಳ್ಳುತ್ತಿದ್ದದ್ದು. ಅವತ್ತು ತಮಿಳು ನನ್ನ ನಾಲಿಗೆಗೆ ಬರಲಿಲ್ಲ.

"ನಿಮ್ಮ ಭಾಷಣದಲ್ಲಿ ಆ ಮಾತು ತಪ್ಪು ಅಂತ ನನಗೆ ಅವತ್ತೇ ಗೊತ್ತಿತ್ತು. ಬೇಕು ಅಂತಲೇ ಹೇಳ್ಲಿಲ್ಲ."

ಅವಳು ತಿರುಗಿ ನೋಡಿದಳು. ಯಾಕೆ ಎಂದು ತಮಿಳಿನಲ್ಲಿ ಕೇಳಿದಳು.

"ಹೊಟ್ಟೆಕಿಚ್ಚು."

ಅವಳಿಗೆ ಅರ್ಥವಾಗಲಿಲ್ಲ. ಮಕ್ಕಳು ಆ ಪದ ಕಲಿಸಿರಲಿಲ್ಲ. ನಾನೇ ಅದನ್ನು ತಮಿಳಿಗೆ ತಿರುಗಿಸಿ "ಪೊರಾಮೈ" ಎಂದು ಹೇಳಬೇಕಾಯಿತು. ಹೇಳಿದ ಮೇಲೆ ಅವಳ ಮುಖ ನೋಡುವುದು ಕಷ್ಟವಾಯಿತು. ಅವಳು ಅಳುತ್ತಾಳೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಎರಡೂ ಆಗಲಿಲ್ಲ. ನೋಟ್‌ಬುಕ್ಕುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ತನಕ ಹೋದವಳು ನಿಂತು ಕನ್ನಡದಲ್ಲಿ ಒಂದೇ ಮಾತು ಹೇಳಿದಳು.

"ನಾನ್ ನಿಮ್ಮನ್ನ ಅಕ್ಕ ಅಂದಿದ್ನಲ್ಲ."

ಪರೀಕ್ಷೆ ಮುಗಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಹೆಡ್ಮಾಸ್ಟರಿಗಾಗಲಿ ಆಯಮ್ಮನಿಗಾಗಲಿ ಹೇಳಲೂ ಇಲ್ಲ. ಆದರೆ ನಾಲ್ಕನೇ ದಿನವೋ ಐದನೇ ದಿನವೋ ಬೀರುವಿನ ಆ ಕಡೆಯಿಂದ ಮತ್ತೆ "ಯಾಕ್ಲಾ ಹಂಗ್ ಕುಂತಿದ್ದೀಯಾ" ಕೇಳಿಬಂತು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅದಾಗಿ ಅರ್ಧ ಗಂಟೆಗೆ ಆ ಕಡೆ ಜೋರು ನಗು ಎದ್ದಾಗ, ಮತ್ತೆ ಅದೇ ಉರಿ. ತಪ್ಪೊಪ್ಪಿಕೊಂಡರೆ ಅದು ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿರಲಿಲ್ಲ.

ಮುಂದಿನ ಜೂನ್‌ನಲ್ಲಿ ಕನ್ನಡ ವಿಭಾಗಕ್ಕೆ ಉಳಿದದ್ದು ಏಳು ಮಕ್ಕಳು. ಬೀರುಗಳು ವಾಪಸ್ ಆಫೀಸಿಗೆ ಹೋದವು. ಎಲ್ಲ ಮಕ್ಕಳೂ ಒಟ್ಟಿಗೆ ಕೂರಲಿ, ಕನ್ನಡದ ಮಕ್ಕಳಿಗೆ ದಿನಕ್ಕೊಂದು ಪೀರಿಯಡ್ ಕನ್ನಡ, ಉಳಿದ ಹೊತ್ತು ನೀವು ಇಡೀ ಕ್ಲಾಸಿಗೆ ಗಣಿತ ತೆಗೆದುಕೊಳ್ಳಿ ಎಂದರು ಹೆಡ್ಮಾಸ್ಟರು. ಗಣಿತದ ತಮಿಳು ಪುಸ್ತಕ ನನ್ನ ಕೈಗೆ ಕೊಟ್ಟರು. ಮನೆಗೆ ತಂದು ಮೊದಲ ಪುಟ ಓದಲು ಕೂತೆ. ನಮ್ಮಲ್ಲಿ ಕ ಬೇರೆ, ಗ ಬೇರೆ. ತಮಿಳಿನಲ್ಲಿ ಎರಡಕ್ಕೂ ಒಂದೇ ಅಕ್ಷರ. ಯಾವ ಕಡೆ ಯಾವ ದನಿ ಎಂದು ಮೊದಲೇ ಗೊತ್ತಿದ್ದವರು ಮಾತ್ರ ಓದಬಹುದು. ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಬೇರೆ ದಾರಿ ಇರಲಿಲ್ಲ. ನನಗೆ ತಮಿಳು ಓದಲು ಸರಿಯಾಗಿ ಬರುವುದಿಲ್ಲ, ಹೇಳಿಕೊಡುತ್ತೀರಾ ಎಂದು ಅವಳನ್ನೇ ಕೇಳಿದೆ. ಗೊತ್ತು ಎಂದಳು. ಕನ್ನಡಕ ಮನೆಯಲ್ಲಿದೆ ಎಂದು ನೀವು ಹೇಳುವಾಗಲೆಲ್ಲ ಅದು ನಿಮ್ಮ ಬ್ಯಾಗಿನಲ್ಲಿರುವುದನ್ನು ನೋಡಿದ್ದೇನೆ ಎಂದಳು. ನಗಲಿಲ್ಲ. ನಾಳೆಯಿಂದ ಊಟ ಆದ ಮೇಲೆ ಇಪ್ಪತ್ತು ನಿಮಿಷ, ಒಂದನೇ ಕ್ಲಾಸಿನ ಪುಸ್ತಕದಿಂದ ಶುರು ಎಂದಳು.

ಮಕ್ಕಳ ಜೊತೆ ಇದ್ದ ಹಾಗೆ ನನ್ನ ಜೊತೆ ಇರಲಿಲ್ಲ ಅವಳು. ತಪ್ಪು ಓದಿದರೆ ಬೆರಳಿನಿಂದ ಆ ಸಾಲಿನ ಮೊದಲಿಗೇ ತೋರಿಸುತ್ತಿದ್ದಳು. ಮತ್ತೆ ಮೊದಲಿಂದ. ಒಂದೇ ಒಂದು ಸಲ ಚೆನ್ನಾಗಿದೆ ಎನ್ನಲಿಲ್ಲ. ನನ್ನ ಏಳು ಮಕ್ಕಳಲ್ಲಿ ಇಬ್ಬರು, ನಾನು ಓದುವುದನ್ನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರು. ಅವರು ನನಗಿಂತ ಬೇಗ ಓದುತ್ತಿದ್ದರು. ಅವರ ಮೇಲೂ ನನಗೆ ಅಸೂಯೆಯಾಗುತ್ತಿತ್ತು, ಎಂಟು ವರ್ಷದ ಮಕ್ಕಳ ಮೇಲೆ.

ಜುಲೈನಲ್ಲಿ ಒಂದು ದಿನ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದೆ. ತಮಿಳಿನಲ್ಲಿ ಕಳೆಯುವುದಕ್ಕೆ ಕಳಿತ್ತಲ್ ಎನ್ನುತ್ತಾರೆ. ನಾನು ಮೊದಲ ಅಕ್ಷರಕ್ಕೆ ಇಲ್ಲದ ಗುಡಿಸು ಹಾಕಿ ಕಿಳಿತ್ತಲ್ ಎಂದು ಓದಿದೆ. ಅದಕ್ಕೆ ಹರಿಯುವುದು ಎಂದರ್ಥ. ಐದರಿಂದ ಎರಡನ್ನು ಹರಿಯಿರಿ ಎಂದ ಹಾಗಾಯಿತು. ಕ್ಲಾಸೆಲ್ಲ ನಕ್ಕಿತು. ಒಬ್ಬ ಹುಡುಗ ಮಿಸ್ಸು ಹೇಳಿದ್ದಾರೆ ಎಂದು ನೋಟ್‌ಬುಕ್ಕಿನಿಂದ ನಿಜವಾಗಿಯೂ ಎರಡು ಹಾಳೆ ಹರಿದು ಮೇಜಿನ ಮೇಲೆ ತಂದಿಟ್ಟ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈಗ ಅವಳ ಸರದಿ ಎಂದುಕೊಂಡೆ. ಅವಳು ಒಳಗೆ ಬಂದು, ಹುಡುಗನ ಕೈಗೆ ಹಾಳೆ ವಾಪಸ್ ಕೊಟ್ಟು, ಬೋರ್ಡಿನ ಮೇಲೆ ಎರಡು ಪದಗಳನ್ನೂ ಪಕ್ಕಪಕ್ಕ ಬರೆದು, ಇದನ್ನು ನೀವೂ ಸರಿಯಾಗಿ ಓದಿ ನೋಡೋಣ ಎಂದು ಮಕ್ಕಳಿಗೆ ಹೇಳಿದಳು. ನಾಲ್ಕು ಮಕ್ಕಳು ತಪ್ಪು ಓದಿದರು. ನನ್ನ ಕಡೆ ನೋಡದೆ ಹೊರಟುಹೋದಳು. ಅವಳು ಒಂದು ಸಲ ನಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮತ್ತೆ ಅಕ್ಕ ಎಂದದ್ದು ದೀಪಾವಳಿ ಕಳೆದ ಮೇಲೆ. ಊಟದ ಹೊತ್ತಿನಲ್ಲಿ ಪಾಠ ನಡೆಯುತ್ತಿದ್ದಾಗ ಅವಳಿಗೆ ಫೋನ್ ಬಂತು. ವಿಡಿಯೋ ಕಾಲ್. ಊರಿನಿಂದ ಅವಳ ತಾಯಿ. ಮಡಿಲಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಮಗು. ಅವಳಿಗೆ ಮಗಳಿದ್ದ ವಿಷಯ ಒಂದೂವರೆ ವರ್ಷದಲ್ಲಿ ನನಗೆ ತಿಳಿದಿರಲಿಲ್ಲ. ನಾನು ಕೇಳಿರಲಿಲ್ಲ. ಗಂಡ ಕೊಯಮತ್ತೂರಿನಲ್ಲಿ ಕೆಲಸ, ಮಗು ಅಜ್ಜಿಯ ಹತ್ತಿರ. ಅವಳು ಎಷ್ಟು ಕರೆದರೂ ಮಗು ಫೋನಿನ ಕಡೆ ತಿರುಗಲಿಲ್ಲ. ಅಜ್ಜಿಯ ಕತ್ತಿಗೆ ಜೋತುಬಿದ್ದು ಅಮ್ಮಾ, ಆಟಕ್ಕೆ ಹೋಗೋಣ ಎಂದು ತಮಿಳಿನಲ್ಲಿ ಪೀಡಿಸುತ್ತಿತ್ತು. ಅಜ್ಜಿಯನ್ನೇ ಅಮ್ಮ ಎನ್ನುತ್ತಿತ್ತು. ಕಾಲ್ ಮುಗಿಸಿ ಅವಳು ಪುಸ್ತಕ ತನ್ನ ಕಡೆಗೆ ಎಳೆದುಕೊಂಡಳು. ಯಾವ ಸಾಲಿನಲ್ಲಿದ್ದೆವು ಎಂದು ಹುಡುಕುತ್ತಲೇ ಕನ್ನಡದಲ್ಲಿ ಕೇಳಿದಳು.

"ಅಕ್ಕಾ, ಆವತ್ತು ಒಂದ್ ಪದ ಹೇಳಿದ್ರಲ್ಲ. ಹೊಟ್ಟೆ… ಏನದು?"

"ಹೊಟ್ಟೆಕಿಚ್ಚು."

"ಅದೇ. ನಂಗ್ ನಮ್ಮಮ್ಮನ ಮೇಲಿದೆ."

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಆರನೇ ಸಾಲು ಓದಿ ಎಂದಳು. ಓದಿದೆ.

ಅದಾದ ಮೇಲೆ ನಾವು ಗೆಳತಿಯರಾದೆವು ಎಂದು ಬರೆದರೆ ಹೆಚ್ಚಾಗುತ್ತದೆ. ಜೊತೆಗೆ ಊಟ ಮಾಡುತ್ತೇವೆ. ವಾರಕ್ಕೊಂದು ದಿನ ನಾನು ಐದೂಮುಕ್ಕಾಲಿನ ಬಸ್ಸಿಗೆ ಹೊರಡುತ್ತೇನೆ, ಅಷ್ಟು ಹೊತ್ತು ಆಯಮ್ಮನ ಮನೆಯ ಜಗಲಿಯಲ್ಲಿ ಇಬ್ಬರೂ ಕೂತಿರುತ್ತೇವೆ. ಅವಳ ಮಗಳು ಬೇಸಿಗೆ ರಜೆಗೆ ಬಂದಿದ್ದಾಗ ನನ್ನ ಮಗಳ ಹಳೆಯ ಆಟದ ಸಾಮಾನುಗಳನ್ನು ತಂದುಕೊಟ್ಟೆ. ಮಕ್ಕಳು ಬತ್ತೀನಿ ಎಂದರೆ ನಾನು ಈಗ ತಿದ್ದುವುದಿಲ್ಲ. ಬರೆಯುವಾಗ ಮಾತ್ರ ತಿದ್ದುತ್ತೇನೆ. ಗಣಿತದ ಪುಸ್ತಕವನ್ನು ತಡವರಿಸದೆ ಓದುತ್ತೇನೆ, ಸುತ್ತೋಲೆಗಳನ್ನೂ. ಮಕ್ಕಳು ಅವಳ ಚೀಲಕ್ಕೇ ಮುಗಿಬೀಳುತ್ತಾರೆ. ನನ್ನ ಚೀಲ ನಾನೇ ಹೊರುತ್ತೇನೆ.

ಈ ಸಲ ಮೇ ಕೊನೆಯ ವಾರ, ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಇಬ್ಬರೂ ಮನೆ ಮನೆಗೆ ಹೋಗಿದ್ದೆವು. ಪ್ರತಿ ವರ್ಷ ಟೀಚರುಗಳು ಹಾಗೆ ಹೋಗಬೇಕು. ಗ್ರೀನ್‌ಹೌಸಿನ ಆಚೆ ಒಂದು ಮನೆಯಲ್ಲಿ ಐದು ವರ್ಷದ ಹುಡುಗನಿದ್ದ. ಕನ್ನಡದ ಮನೆ. ಅವನ ತಾಯಿಯನ್ನು ನಾನು ಬಲ್ಲೆ. ಹದಿನೈದು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿದಳು. ಫಾರಂ ನನ್ನ ಕೈಯಲ್ಲಿತ್ತು. ಯಾವ ಮೀಡಿಯಂ ಎಂಬ ಜಾಗಕ್ಕೆ ಬಂದಾಗ ನಾನು ಕೇಳದೆಯೇ ಕನ್ನಡ ಎಂದು ಬರೆಯಲು ಹೊರಟೆ. ಹುಡುಗನ ತಾಯಿ ನನ್ನ ಕೈ ನೋಡಿ ತಡೆದಳು.

"ತಮಿಳ್ಗೇ ಹಾಕ್ಕಳಿ ಮಿಸ್ಸೆ. ಈ ಮಿಸ್ಸು ಹೆಂಗೂ ಕನ್ನಡದಾಗೇ ಮಾತಾಡುಸ್ತಾರಲ್ಲ, ಮಗಿಗೆ ಕಷ್ಟ ಆಗಾಕಿಲ್ಲ."

ಅವಳ ದನಿಯಲ್ಲಿ ನನ್ನ ಬಗ್ಗೆ ಗೌರವ ಇತ್ತು. ನನಗೆ ನೋವಾಗದ ಹಾಗೆ ಹೇಳಲು ಅವಳು ಶ್ರಮಪಟ್ಟಿದ್ದಳು. ಪಕ್ಕದಲ್ಲಿ ಕೂತಿದ್ದ ನನ್ನ ಸಹೋದ್ಯೋಗಿ ತಲೆ ತಗ್ಗಿಸಿ ಹುಡುಗನ ಶರ್ಟಿನ ಗುಂಡಿ ಹಾಕುತ್ತಿದ್ದಳು. ಹುಡುಗ ಆಗಲೇ ಅವಳ ಮೊಣಕಾಲಿಗೆ ಒರಗಿಕೊಂಡಿದ್ದ. ನನ್ನೊಳಗೆ ಉರಿಯಿತು, ಮೊದಲ ವರ್ಷ ಉರಿದಷ್ಟೇ. ನಾನು ಸಣ್ಣಗೆ ಕೆಮ್ಮಿ, ಪೆನ್ನು ಸರಿಯಾಗಿ ಹಿಡಿದು, ಫಾರಮ್ಮಿನಲ್ಲಿ ತಮಿಳು ಎಂದು ತಮಿಳಿನಲ್ಲೇ ಬರೆದೆ. ಹುಡುಗನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಎಲ್ಲವನ್ನೂ ನಾನೇ ತುಂಬಿದೆ. ಪಕ್ಕದಿಂದ ನನ್ನ ಸಹೋದ್ಯೋಗಿ ಒಮ್ಮೆ ಬಗ್ಗಿ ನೋಡಿ, ಅಪ್ಪನ ಹೆಸರಿನಲ್ಲಿ ಒಂದು ಅಕ್ಷರದ ಮೇಲೆ ಬೆರಳಿಟ್ಟಳು. ತಮಿಳಿನಲ್ಲಿ ಅರ್ಧಾಕ್ಷರದ ಮೇಲೆ ಇಡುವ ಚುಕ್ಕೆ ಅಲ್ಲಿ ಬಿಟ್ಟುಹೋಗಿತ್ತು. ಹಾಕಿದೆ.

ತಾಯಿ ಸಹಿ ಮಾಡಿದಳು. ಕನ್ನಡದಲ್ಲಿ ಮಾಡಿದಳು, ನಾನು ಕಲಿಸಿದ ದುಂಡು ಅಕ್ಷರದಲ್ಲಿ. ಇನ್ನೂ ಆರು ಮನೆ ಉಳಿದಿತ್ತು. ಬಿಸಿಲು ಏರುವ ಮುಂಚೆ ಮುಗಿಸೋಣ ಅಕ್ಕ ಎಂದು ಅವಳು ಎದ್ದಳು. ನಾನು ಫಾರಮ್ಮನ್ನು ಮಡಿಸದೆ ಫೈಲಿಗೆ ಸೇರಿಸಿ, ಅವಳ ಹಿಂದೆ ಹೊಲದ ಬದುವಿಗೆ ಇಳಿದೆ.